ಇಸ್ತ್ರಿ ಅಂಗಡಿಯಲ್ಲಿ ಬೀಗದ ಕೈ

ಮೈಸೂರು, ಅಗ್ರಹಾರ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ನಿನ್ನ ಕಾಲೇಜು ಪ್ರಾಜೆಕ್ಟಿನ ಹನ್ನೊಂದು ಹಾಳೆ ಡ್ರಾಯಿಂಗು ಬಂದು ನಾಲ್ಕು ದಿನ ಆಯಿತು. "ಅಕ್ಕ ನೋಡಿಯೂ ನೋಡದ ಹಾಗಿದ್ದಾಳೆ" ಅಂತ ನಿನ್ನ ದೊಡ್ಡಮ್ಮನಿಗೆ ಫೋನ್ ಮಾಡಿ ಚಾಡಿ ಹೇಳಿದ್ದೂ ಗೊತ್ತಾಯಿತು. ನೋಡಿದೆ ಕಣೇ, ಎರಡು ಸಲ ನೋಡಿದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅಂತ ಪೆನ್ನು ಹಿಡಿದೆ. ಅಮ್ಮ ಇಲ್ಲೇ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಈ ವರ್ಷದ ಸೊಗಡು ಸಾಲದು ಅಂತ ಗೊಣಗುತ್ತಲೇ ಎರಡು ಕೆಜಿ ತಂದಿದ್ದಾಳೆ. ನೀನಿದ್ದಿದ್ದರೆ ಅರ್ಧ ನಿನ್ನ ಮಡಿಲಿಗೆ ಸುರಿಯುತ್ತಿದ್ದಳು.

ಮೊದಲ ಹಾಳೆಯ ತಲೆಯ ಮೇಲೆ ನೀನು ದಪ್ಪಕ್ಷರದಲ್ಲಿ ಬರೆದಿದ್ದೀಯಲ್ಲ, "ಸುಸ್ಥಿರ ಸಮುದಾಯ ಕಲಿಕಾ ಕೇಂದ್ರ" ಅಂತ, ಅಮ್ಮ ಅದನ್ನು ಓದಿ "ಹಾಗಂದ್ರೆ ಏನೇ?" ಅಂದಳು. "ಬಾಳಿಕೆ ಬರೋ ಹಾಗೆ ಮಾಡಿ, ಕೇರಿಯವರೆಲ್ಲ ಬಂದು ಕೂತು ಓದೋ ಜಾಗ" ಅಂದೆ. ಒಂದು ಕಾಯಿ ಸುಲಿದು ಮುಗಿಸುವಷ್ಟು ಹೊತ್ತು ಯೋಚಿಸಿ, "ಮನೆ ಬಾಳಿಕೆ ಬರುತ್ತೆ ಬಿಡು. ಬಾಗಿಲು ತೆಗೆಯೋರು ಬಾಳಿಕೆ ಬರ್ತಾರಾ?" ಅಂದಳು. ನಿನ್ನ ಪ್ರಾಜೆಕ್ಟಿನ ಪರೀಕ್ಷಕರು ಈ ಪ್ರಶ್ನೆ ಕೇಳುವುದಿಲ್ಲ, ನಿಶ್ಚಿಂತೆಯಿಂದಿರು. ಆದರೆ ನಮ್ಮ ಮೂಲೆ ಮನೆಯನ್ನು ಓದುವ ಜಾಗ ಮಾಡಲು ಹೊರಟಾಗ ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದೊಂದೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬೈಗುಳ. ನಿನ್ನ ಸೈಟಿನ ಹಳೆಯ ಮನೆಯ ಮುಂದಿನ ಜಗಲಿ, ಕಂಬ, ಬಾಗಿಲು, ಅದರ ಮೇಲಿನ ಹೆಂಚು, ನಡುವಿನ ತೊಟ್ಟಿ ಇಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಕೆಡವಿ ಗಾಜಿನ ಎರಡಂತಸ್ತು ಎಬ್ಬಿಸಿದ್ದೀಯ. ಮುಖ ಉಳಿಸಿ ಮೈ ಬದಲಾಯಿಸಿದ ಹಾಗೆ. ಅದರ ಮೇಲೆ ಹಸಿರು ಬಣ್ಣದಲ್ಲಿ ಎಲೆಗಳ ಚಿತ್ರ ಬೇರೆ! ಪುಟ್ಟಿ, ಆ ಮನೆಯ ಇಟ್ಟಿಗೆ ಸುಡಲು ಬೇಕಾದ ಸೌದೆ ಉರಿದು ನೂರು ವರ್ಷದ ಹತ್ತಿರ ಆಯಿತು. ತೊಲೆಗೆ ಬೇಕಾದ ತೇಗದ ಮರವನ್ನು ನಿನ್ನ ಮುತ್ತಜ್ಜನ ಕಾಲದಲ್ಲೇ ಕಡಿದಾಗಿದೆ. ಆ ಲೆಕ್ಕವೆಲ್ಲ ಚುಕ್ತಾ. ಅದನ್ನು ಒಡೆದು ಲಾರಿಗೆ ತುಂಬಿ ಊರಾಚೆ ಸುರಿದು, ಸುಣ್ಣದ ಕಲ್ಲನ್ನು 1450 ಡಿಗ್ರಿಗೆ ಕಾಯಿಸಿ ಮಾಡಿದ ಸಿಮೆಂಟು ತಂದು ಹೊಸದು ಕಟ್ಟುತ್ತೀಯ. ಆಮೇಲೆ ಆ ಗಾಜಿನ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ಮಕ್ಕಳು ಬೇಯಬಾರದು ಅಂತ ಏಸಿ. ಏಸಿಗೆ ಕರೆಂಟು ಬೇಕು ಅಂತ ಮಂಗಳೂರು ಹೆಂಚಿನ ಮೇಲೆ ಪೂರ್ತಿ ಸೋಲಾರ್. ಮೂಗಿಗಿಂತ ಮೂಗುತಿ ಭಾರ!

ಮುನಿಸಿಕೊಳ್ಳಬೇಡ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಬರೆದುಕೋ. ನಮ್ಮಲ್ಲಿ 9 ವಾಟಿನ ಎಲ್‌ಇಡಿ ಬಲ್ಬು ಹತ್ತು, 30 ವಾಟಿನ ಬಿಎಲ್‌ಡಿಸಿ ಫ್ಯಾನು ಆರು. ಹಳೆಯ ಫ್ಯಾನಾಗಿದ್ದರೆ ಒಂದೊಂದೂ 75 ವಾಟು ನುಂಗುತ್ತಿತ್ತು. ಎಲ್ಲ ಒಟ್ಟಿಗೆ ಹಾಕಿದರೂ 270 ವಾಟು, ದಿನಕ್ಕೆ ಐದು ಗಂಟೆ ಉರಿಸಿದರೆ ಒಂದೂವರೆ ಯೂನಿಟ್ ಕೂಡ ಆಗುವುದಿಲ್ಲ. ಒಂದು ಕಿಲೋವಾಟಿನ ಸೋಲಾರ್ ದಿನಕ್ಕೆ ಹತ್ತಿರ ಹತ್ತಿರ ನಾಲ್ಕು ಯೂನಿಟ್ ಕೊಡುತ್ತದೆ. ಅಷ್ಟನ್ನು ಹಿಂದಿನ ಬಚ್ಚಲುಮನೆಯ ತಾರಸಿಯ ಮೇಲೆ ಇಟ್ಟರೆ ಸಾಕು, ಬೀದಿಯಿಂದ ಕಾಣುವುದೂ ಇಲ್ಲ. ಮಿಕ್ಕ ಕೆಲಸ ಮನೆ ನಡುವಿನ ತೆರೆದ ತೊಟ್ಟಿಯದು. ಬಿಸಿ ಗಾಳಿ ಅಲ್ಲಿಂದ ಮೇಲೆ ಹೋಗುತ್ತದೆ, ಹೊರಗಿನದು ಜಗಲಿಯ ನೆರಳು ದಾಟಿ ಒಳಗೆ ಬರುತ್ತದೆ, ಸುತ್ತಲಿನ ಪಡಸಾಲೆಗೆ ಬೆಳಕು ನೇರ ಬೀಳದೆ ಸೂರಿನಡಿಯಿಂದ ಸೋಸಿ ಬೀಳುತ್ತದೆ. ಪುಸ್ತಕ ಓದುವುದಕ್ಕೆ ಆ ಬೆಳಕಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ತೊಟ್ಟಿಯ ಮೇಲೆ ಪಾಲಿಕಾರ್ಬನೇಟ್ ಶೀಟು ಮುಚ್ಚುತ್ತೇನೆ ಅಂತ ಏಳನೇ ಹಾಳೆಯಲ್ಲಿ ಬರೆದಿದ್ದೀಯ. ಮುಚ್ಚಿದರೆ ಮನೆಯ ಮೂಗು ಹಿಡಿದ ಹಾಗೆ. ಕಾಗೆ, ಕೋತಿ ಬರದ ಹಾಗೆ ಬಲೆ ಹಾಕು, ಸಾಕು.

ಮಳೆ ಬಂದರೆ ಒಳಗೆ ಬೀಳುತ್ತದಲ್ಲಾ ಅಂತೀಯ. ಬೀಳಲಿ, ಅದಕ್ಕೇ ಇರುವುದು ಅದು. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಹೆಂಚಿನ ಸೂರು ಸುಮಾರು 120 ಚದರ ಮೀಟರ್, ಮೈಸೂರಿಗೆ ವರ್ಷಕ್ಕೆ ಹೆಚ್ಚುಕಮ್ಮಿ 800 ಮಿಲಿಮೀಟರ್. ಗುಣಿಸು. ಸೋರಿದ್ದು, ಆರಿದ್ದು, ಮೊದಲ ಮಳೆಯ ಕೊಳೆ ನೀರು ಬಿಟ್ಟದ್ದು ಕಳೆದರೂ ಎಪ್ಪತ್ತೈದು ಸಾವಿರ ಲೀಟರ್ ಮೇಲೆ! ಹಿತ್ತಲ ಬಾವಿಯಲ್ಲಿ ಹಳೆಯ ಮಂಚದ ಕಾಲು, ಮುರಿದ ಕೊಡ, ಯಾರದೋ ಮನೆಯ ಕಳೆದ ವರ್ಷದ ಗಣಪತಿ ಎಲ್ಲ ಇತ್ತು. ತೆಗೆಸಿ, ತೊಟ್ಟಿಯ ತೂಬಿನಿಂದ ಬರುವ ನೀರನ್ನು ಜಲ್ಲಿ, ಇದ್ದಿಲು, ಮರಳಿನಲ್ಲಿ ಸೋಸಿ ಅದಕ್ಕೇ ಇಳಿಸಿದೆವು. ಬೆಂಗಳೂರಿನ ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಅವರು 1995ರಿಂದ ಊರ ನಲ್ಲಿ ನೀರಿಲ್ಲದೆ ಮಳೆಯಲ್ಲೇ ಸಂಸಾರ ಮಾಡಿದವರು. ನೀನು ಬೆಂಗಳೂರಿನಲ್ಲೇ ಇದ್ದೀಯಲ್ಲ, ಜಯನಗರ ಐದನೇ ಬ್ಲಾಕಿನಲ್ಲಿ ಮಳೆಕೊಯ್ಲಿನ ಥೀಮ್ ಪಾರ್ಕೂ ಇದೆ. ಶಾಪಿಂಗ್ ಮಾಲಿಗೆ ಹೋಗುವ ದಾರಿಯಲ್ಲಿ ಒಂದು ಸಲ ಇಳಿ.

ಈಗ ನನ್ನ ಮರ್ಯಾದೆ ಹೋದ ಕಥೆ. ನಿನಗೆ ಹೇಳಿರಲಿಲ್ಲ.

ಪುಸ್ತಕದ ಕಪಾಟು ಬರುವ ಉತ್ತರದ ಗೋಡೆಯ ಗಾರೆ ಅಲ್ಲಲ್ಲಿ ಉದುರಿತ್ತು. ಕೆಲಸ ತಡವಾಗುತ್ತಿತ್ತು, ದುಡ್ಡೂ ಮುಗಿಯುತ್ತ ಬಂದಿತ್ತು. "ಇದೊಂದು ಗೋಡೆ ತಾನೆ" ಅಂತ ಸಿಮೆಂಟು ಪ್ಲಾಸ್ಟರ್ ಮಾಡಿಸಿಬಿಟ್ಟೆ. ಇಪ್ಪತ್ತೈದು ವರ್ಷ ಕಟ್ಟಡದ ಕಸುಬು ಮಾಡಿದವಳು! ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ಕಪಾಟಿನ ಹಿಂದೆ ಮೂರಡಿ ಎತ್ತರದವರೆಗೂ ಗೋಡೆ ಬೆವರಿ, ಬಿಳಿ ಉಪ್ಪು ಎದ್ದಿತ್ತು. ಕೆಳಗಿನ ಎರಡು ಸಾಲು ಪುಸ್ತಕ ಬೂಷ್ಟು. ಹಳೆಯ ಇಟ್ಟಿಗೆ ಗೋಡೆಗೆ ಕೆಳಗಿನಿಂದ ಸದಾ ತೇವ ಏರುತ್ತಿರುತ್ತದೆ. ಸುಣ್ಣದ ಗಾರೆಯಾದರೆ ಅದನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಾಯಿ ಮುಚ್ಚುತ್ತದೆ. ಇದನ್ನು ನಾನೇ ಎಷ್ಟು ಹುಡುಗರಿಗೆ ಪಾಠ ಮಾಡಿದ್ದೇನೆ ಅಂತ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕಿತ್ತು ಮತ್ತೆ ಗಾರೆ ಮಾಡಲು ಹಳೆಯ ಮೇಸ್ತ್ರಿಯೊಬ್ಬರನ್ನು ಹುಡುಕಿಕೊಂಡು ಹೋದೆ. ಎಪ್ಪತ್ತು ದಾಟಿದವರು. ಸುಣ್ಣವನ್ನು ನೀರಿನಲ್ಲಿ ಹಾಕಿ ವಾರಗಟ್ಟಲೆ ಕೊಳೆಸಬೇಕು ಅಂದರು. ಮರಳು, ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ರುಬ್ಬಿಸಿದರು. ಹದ ನೋಡುವುದು ಹೇಗೆ ಗೊತ್ತಾ? ಕರಣೆಯಲ್ಲಿ ಒಂದು ಮುದ್ದೆ ಎತ್ತಿ ತಲೆಕೆಳಗು ಮಾಡಿ ಹಿಡಿದರು. ಬೀಳಲಿಲ್ಲ. ಒಮ್ಮೆ ಮಣಿಕಟ್ಟು ಕುಲುಕಿದರು, ಒಂದು ಚೂರೂ ಅಂಟಿಕೊಳ್ಳದೆ ಸರ್ರನೆ ಜಾರಿತು. "ಈಗ ಗೋಡೆ ಒಪ್ತದೆ" ಅಂದರು. ಆ ದಿನ ಕೇರಿಯ ಹುಡುಗರು ಶಾಲೆಗೆ ಚಕ್ಕರ್ ಹೊಡೆದು ಸುತ್ತ ನಿಂತಿದ್ದರು, ಬೆಲ್ಲ ಅರ್ಧ ಅವರ ಬಾಯಿಗೇ ಹೋಯಿತು. ಆ ಮನೆಯಲ್ಲಿ ನಡೆದ ನಿಜವಾದ ಮೊದಲ ತರಗತಿ ಅದೇ ಅಂತ ನನಗೆ ಅನಿಸುತ್ತದೆ. ನಿನ್ನ ಪ್ಲಾನಿನಲ್ಲಿ ರಿಪೇರಿಯೆಲ್ಲ ಮುಗಿದ ಮೇಲೆ ಉದ್ಘಾಟನೆ. ನಾನಾಗಿದ್ದರೆ ರಿಪೇರಿಗೇ ಮಕ್ಕಳನ್ನು ಕರೆಯುತ್ತೇನೆ.

ಹಳೆಯದೆಲ್ಲ ಉಳಿಯಲಿ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡ. ಈ ಊರಿನಲ್ಲಿ ಹಳೆಯದು ಕುಸಿಯುವ ಭಯ ನಮಗೆಲ್ಲ ಇದೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಹೋದರು. ನಾನು ಪಿಯುಸಿ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಂಡದ್ದು, ವರ್ಷದ ಕೊನೆಗೆ ಅಲ್ಲೇ ಕಾಲು ಬೆಲೆಗೆ ಮಾರಿದ್ದು ಆ ಕಟ್ಟಡದ ಪುಸ್ತಕದಂಗಡಿ ಸಾಲಿನಲ್ಲೇ. ನಾಲ್ಕು ವರ್ಷದ ಮೇಲೆ, ಮತ್ತೆ ಆಗಸ್ಟಿನಲ್ಲೇ, ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲಿನ ಕಡೆ ಬಿತ್ತು. ಅಂದಿನಿಂದ ಅಮ್ಮ ಪ್ರತಿ ಮಳೆಗಾಲವೂ ಮೂಲೆ ಮನೆಯ ಗೋಡೆಗೆ ಕೈ ಇಟ್ಟು ನೋಡಿ ಬರುತ್ತಾಳೆ, ಜ್ವರ ನೋಡುವ ಹಾಗೆ. ಅದಕ್ಕೇ ಹೇಳುತ್ತೇನೆ, ಚಂದ ಮಾಡುವ ಮೊದಲು ಸೂರಿನ ತಗಡಿನ ದೋಣಿ ನೋಡು, ಜಂತೆಯ ತುದಿ ಗೋಡೆಯೊಳಗೆ ಹೋಗುವ ಕಡೆ ಚುಚ್ಚಿ ನೋಡು, ಗೋಡೆಯ ಸಂದಿಯಲ್ಲಿ ಅರಳಿ ಗಿಡ ಎದ್ದಿದೆಯಾ ನೋಡು. ಎರಡೆಲೆ ಇರುವಾಗ ಬೆರಳಲ್ಲಿ ಕೀಳಬಹುದು. ಪಾಪ ಬರುತ್ತದೆ ಅಂತ ಬಿಟ್ಟರೆ ಐದು ವರ್ಷಕ್ಕೆ ಗೋಡೆಯೇ ಬಾಯಿಬಿಡುತ್ತದೆ. ನಮ್ಮ ಮನೆಯದನ್ನು ಕಿತ್ತು ನೂರೊಂದು ಗಣಪತಿ ದೇವಸ್ಥಾನದ ಹತ್ತಿರ ಯಾರದೋ ಕುಂಡದಲ್ಲಿ ನೆಟ್ಟೆ. ಪಾಪ ಅವರಿಗೆ ಇನ್ನೂ ಗೊತ್ತಿಲ್ಲ.

ನಿನ್ನ ಒಂಬತ್ತನೇ ಹಾಳೆಗೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗಾಲಿಕುರ್ಚಿಯವರಿಗೆ ಇಳಿಜಾರು ಹಾಕಿದ್ದೀಯ, ಒಳ್ಳೆಯದು. ಆದರೆ ಅದನ್ನು ಹಿಂದಿನ ಕನ್ಸರ್ವೆನ್ಸಿ ಓಣಿಯಿಂದ ತಂದಿದ್ದೀಯ. ಮೂಲೆ ಮನೆಗೆ ನಾನೂ ಮೊದಲು ಹಾಗೇ ಹಾಕಿದ್ದೆ ಕಣೇ. ಜಗಲಿಯ ಎತ್ತರ ಒಂದೂವರೆ ಅಡಿ. ಇಳಿಜಾರು ಒಂದಕ್ಕೆ ಹನ್ನೆರಡು ಇರಬೇಕು, ಅಂದರೆ ಹದಿನೆಂಟು ಅಡಿ ಉದ್ದ. ಬಾಗಿಲಿಂದ ನೇರ ಇಳಿಸಿದರೆ ಬೀದಿಯ ಆಚೆ ಮನೆಯ ರಂಗೋಲಿಗೇ ಮುಟ್ಟುತ್ತದೆ. ಹಿತ್ತಲಲ್ಲಿ ಬೇಕಾದಷ್ಟು ಜಾಗ, ಲೆಕ್ಕ ಸರಿಹೋಯಿತು ಅಂತ ಖುಷಿಯಿಂದ ಕೇರಿಯವರ ಸಭೆಯಲ್ಲಿ ತೋರಿಸಿದೆ. ನಗರಪಾಲಿಕೆಯಲ್ಲಿ ಪೌರಕಾರ್ಮಿಕರಾಗಿದ್ದು ನಿವೃತ್ತರಾದ ಒಬ್ಬರು ಹಿಂದಿನ ಬೆಂಚಿನಲ್ಲಿದ್ದರು. ಎದ್ದು ನಿಂತು, ದನಿ ಏರಿಸದೆ, "ನಮ್ಮಪ್ಪ ಈ ಮನೆಗೆ ಮೂವತ್ತು ವರ್ಷ ಬಂದವರು ಮೇಡಂ, ಆ ಹಿಂದಿನ ಸಂದಿಯಿಂದಲೇ. ಮುಂದಿನ ಬಾಗಿಲು ಹೇಗಿದೆ ಅಂತ ಅವರು ನೋಡಲಿಲ್ಲ. ಇನ್ನೊಮ್ಮೆ ಯಾರಿಗೂ ಹಿಂದಿನಿಂದ ಬಾ ಅನ್ನಬೇಡಿ" ಅಂದರು.

ಸಭೆಯಲ್ಲಿ ಯಾರೂ ಕೆಮ್ಮಲೂ ಇಲ್ಲ.

ಪ್ಲೇಗು ಬಂದು ಊರು ನಲುಗಿದ ಮೇಲೆ, 1903ರಲ್ಲಿ ಶುರುವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಕಾಲದಲ್ಲಿ ಊರು ಚೊಕ್ಕಟವಾಗಲಿ ಅಂತ ಬಿಟ್ಟ ಓಣಿಗಳು ಈ ಕನ್ಸರ್ವೆನ್ಸಿಗಳು. ನಮಗೆ ಚಿಕ್ಕಂದಿನಲ್ಲಿ ಐಸ್‌ಪೈಸ್ ಆಡುವ ಜಾಗ. ಅಲ್ಲಿ ಯಾರು ಏನು ಹೊತ್ತು ನಡೆದರು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು ಅಂತ ಪರೀಕ್ಷೆಗೆ ಓದಿದ್ದೆ, ಅಷ್ಟೇ. ಪಾರಂಪರಿಕ ಮನೆ ಅಂತ ನಾವು ಮುದ್ದು ಮಾಡುತ್ತೇವಲ್ಲ, ಅದಕ್ಕೆ ಎರಡು ಬಾಗಿಲಿತ್ತು. ನಾವು ಫೋಟೋ ತೆಗೆಯುವುದು ಒಂದನ್ನೇ.

ಕೊನೆಗೆ ಜಗಲಿಯನ್ನೇ ಕೊಯ್ದೆವು. ಅದರ ಉದ್ದಕ್ಕೂ, ಬೀದಿಗೆ ಸಮವಾಗಿ, ಎಡದ ತುದಿಯಿಂದ ಬಾಗಿಲವರೆಗೆ ಹದಿನೆಂಟು ಅಡಿ ಇಳಿಜಾರು. ಹಳೆಯ ಚಪ್ಪಡಿ ಎರಡು ಹೋದವು. ಪಾರಂಪರಿಕ ಕಟ್ಟಡದ ಅಂದ ಕೆಟ್ಟಿತು ಅಂತ ಗೆಳೆಯರೊಬ್ಬರು ಮೂರು ತಿಂಗಳು ಮಾತು ಬಿಟ್ಟಿದ್ದರು. ಕೆಡಲಿ. ಹಿತ್ತಲಿನಲ್ಲಿ ಈಗ ಎರಡು ಶೌಚಾಲಯ ಇವೆ, ಅದೊಂದೇ ನಾವು ಹೊಸದಾಗಿ ಕಟ್ಟಿದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ "ಅಸ್ತ್ರ" ಅನ್ನುವ ತಂಡದವರು ಬಳಕೆಗೆ ತಂದರಲ್ಲ, ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ, ಅದರಲ್ಲಿ. ಸುಡುವ ಕೆಲಸವೇ ಇಲ್ಲ. ಹೈಸ್ಕೂಲಿನ ಹುಡುಗಿಯರು ಮೊದಲ ದಿನ ಬಂದು ಪುಸ್ತಕದ ಕಪಾಟು ಕೇಳಲಿಲ್ಲ, ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯಾ ಅಂತ ಕೇಳಿದರು. ನಿನ್ನ ಹನ್ನೊಂದು ಹಾಳೆಯಲ್ಲಿ ಅದು ಮೂಲೆಯಲ್ಲಿ ಎರಡು ಚೌಕ, ಅಷ್ಟೇ. ನೀನೂ ಹುಡುಗಿಯೇ ಅಲ್ಲವಾ?

ಇನ್ನು ಬಾಗಿಲು ತೆಗೆಯುವವರ ಬಗ್ಗೆ ಅಮ್ಮ ಕೇಳಿದ ಪ್ರಶ್ನೆ.

ಶುರುವಿನಲ್ಲಿ ಸಂಜೆ ಐದರಿಂದ ಎಂಟು ಅಂತ ಬೋರ್ಡು ಹಾಕಿದ್ದೆವು. ಯಾರಿಗೂ ಒಗ್ಗಲಿಲ್ಲ. ಪೇಪರು ಓದುವ ತಾತಂದಿರಿಗೆ ಬೆಳಗ್ಗೆ ಏಳಕ್ಕೇ ಬೇಕು. ಮನೆಗೆಲಸ ಮುಗಿಸಿದ ಹೆಂಗಸರಿಗೆ ಬಿಡುವು ಎರಡರಿಂದ ನಾಲ್ಕು, ಬ್ಯಾಂಕಿನ ಫಾರಂ ತುಂಬುವುದು, ಹೊಲಿಗೆ, ಮೊಬೈಲಿನಲ್ಲಿ ದುಡ್ಡು ಕಳಿಸುವುದು ಕಲಿಯಬೇಕು ಅಂತ. ಐದಕ್ಕೆ ಸಣ್ಣ ಮಕ್ಕಳ ಸಂತೆ. ವಠಾರದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೇಕಾದ್ದು ಎಂಟರ ಮೇಲೆ. ಒಂದೇ ಕೋಣೆಯ ಮನೆ, ಅದರಲ್ಲೇ ಟೀವಿ, ಅದರಲ್ಲೇ ಒಗ್ಗರಣೆ, ಅದರಲ್ಲೇ ತಮ್ಮನ ಅಳು. ಅವರು ಕೇಳುತ್ತಿದ್ದುದು ಪಾಠವನ್ನಲ್ಲ, ಗೋಡೆಗೆ ಬೆನ್ನು ಆನಿಸಿ ಕೂರಲು ಎರಡಡಿ ಜಾಗ. ನೀನು "ಬಹುಪಯೋಗಿ ಸಭಾಂಗಣ", "ಡಿಜಿಟಲ್ ಲ್ಯಾಬ್", "ಹಿರಿಯರ ಕೊಠಡಿ" ಅಂತ ಆರು ಕೋಣೆ ಬರೆದಿದ್ದೀಯ. ನಮಗೆ ಒಂದೇ ಪಡಸಾಲೆ ಸಾಕಾಯಿತು, ಗಡಿಯಾರ ಸರಿಹೋದ ಮೇಲೆ. ಚಾಪೆ ಸುತ್ತಿಡಲು ಒಂದು ಗೂಡು, ಮಡಚುವ ಡೆಸ್ಕು ಹದಿನೆಂಟು, ಮುಗಿಯಿತು.

ಆದರೆ ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಬೀಗದ ಕೈ ಯಾರ ಹತ್ತಿರ? ಮೊದಲು ನನ್ನ ಹತ್ತಿರ ಇತ್ತು. ನನಗೆ ಡೆಂಗಿ ಬಂದಾಗ ಹನ್ನೆರಡು ದಿನ ಬಾಗಿಲು ಮುಚ್ಚಿತ್ತು. ಹದಿಮೂರನೇ ದಿನ ಹೋದರೆ ಜಗಲಿಯ ಮೇಲೆ ಎರಡು ಸ್ಕೂಟರು, ಯಾರದೋ ಮನೆಯ ಮರಳು. ಅಷ್ಟು ಬೇಗ ಮನೆ ಮತ್ತೆ ಪಾಳು ಮನೆಯಾಗಿತ್ತು. ಆಮೇಲೆ ಸಂಬಳದ ಹುಡುಗನನ್ನು ಇಟ್ಟೆವು, ಒಳ್ಳೆಯ ಕೆಲಸ ಸಿಕ್ಕಿ ಹೋದ. ಹೋಗಲೇಬೇಕಲ್ಲ. ಕೊನೆಗೆ ಎದುರಿನ ಇಸ್ತ್ರಿ ಅಂಗಡಿಯವರು ತಾವಾಗಿಯೇ, "ಕೊಡಿ ಅಕ್ಕಾ, ನಾನು ಹೇಗೂ ಕೆಂಡ ಹಾಕೋಕೆ ಆರೂವರೆಗೇ ಬರ್ತೀನಿ" ಅಂದರು. ಈಗ ನಾಲ್ಕು ವರ್ಷವಾಯಿತು. ಬೀಗದ ಕೈ ಅವರ ಇಸ್ತ್ರಿ ಮೇಜಿನ ಮೊಳೆಗೆ ನೇತುಹಾಕಿರುತ್ತದೆ. ಯಾರು ಮೊದಲು ಬರುತ್ತಾರೋ ಅವರು ತೆಗೆದುಕೊಳ್ಳುವುದು, ಕೊನೆಗೆ ಹೋಗುವವರು ಕೊಡುವುದು. ರಾತ್ರಿ ಹುಡುಗಿಯರು ಓದುತ್ತಿದ್ದರೆ ಇಸ್ತ್ರಿಯವರು ಅಂಗಡಿ ಮುಚ್ಚುವುದಿಲ್ಲ. ಸುಮ್ಮನೆ ಒಂದೇ ಶರ್ಟನ್ನು ಮೂರು ಸಲ ತೀಡುತ್ತಿರುತ್ತಾರೆ. ಈ ವ್ಯವಸ್ಥೆಯನ್ನು ಯಾವ ಹಾಳೆಯಲ್ಲಿ ಹೇಗೆ ಬರೆಯಬೇಕು ಅಂತ ನನಗೂ ಗೊತ್ತಿಲ್ಲ. ಆದರೆ ನಿನ್ನ ಸೈಟಿನ ನಕ್ಷೆಯಲ್ಲಿ ಎದುರು ಸಾಲಿನ ಅಂಗಡಿಗಳನ್ನು ಖಾಲಿ ಬಿಟ್ಟಿದ್ದೀಯ. ಅಲ್ಲಿ ಏನೇನಿದೆ, ಯಾರು ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾರೆ, ಅದನ್ನು ಮೊದಲು ತುಂಬು.

ಇಸ್ತ್ರಿ ಅಂಗಡಿಯವರಿಗೆ ಈಚೆಗೆ ಕೆಮ್ಮು ಜಾಸ್ತಿಯಾಗಿದೆ, ಅದೇ ಒಂದು ಯೋಚನೆ. ಮಗ ಗ್ಯಾಸಿನ ಇಸ್ತ್ರಿಪೆಟ್ಟಿಗೆ ಕೊಡಿಸುತ್ತೇನೆ ಅಂದರೆ ಒಪ್ಪುತ್ತಿಲ್ಲ. ನೀನು ಬಂದಾಗ ಹೇಳಿ ನೋಡು, ನಿನ್ನ ಮಾತಾದರೆ ಕೇಳಿಯಾರು.

ಶಿವರಾತ್ರಿಗೆ ರಜ ಇದೆಯಲ್ಲ, ಬಾ. ಲ್ಯಾಪ್‌ಟಾಪ್ ತರಬೇಡ. ಒಂದು ದಿನ ಪೂರ್ತಿ, ಏಳರಿಂದ ಹತ್ತು, ನಿನ್ನ ಸೈಟಿನ ಜಗಲಿಯ ಮೇಲೆ ಕೂರು. ಊಟ ನಾನೇ ತಂದುಕೊಡುತ್ತೇನೆ. ಸಂಜೆ ಮೂಲೆ ಮನೆಯ ಮಕ್ಕಳಿಗೆ ನಿನ್ನ ಗಾಜಿನ ಅರಮನೆ ತೋರಿಸೋಣ, ಅವರೇ ಜೂರಿ. ನಿನ್ನ ಕಾಲೇಜಿನವರಿಗಿಂತ ಖಾರ, ಎಚ್ಚರ.

ಅಮ್ಮ ಈಗ ಹಿದುಕಿದಬೇಳೆಗೆ ನೆನೆಹಾಕಲು ಎದ್ದಳು. ಕಾಗದದಲ್ಲಿ ಬರೆಯಲೇಬೇಕಂತೆ: ಹೋದ ಸಲ ಚಟ್ನಿಪುಡಿ ಕೊಟ್ಟಿದ್ದ ಸ್ಟೀಲ್ ಡಬ್ಬ, ಮುಚ್ಚಳ ಸಮೇತ, ವಾಪಸ್ ಬರಬೇಕು.

ನಿನ್ನ,
ಅಕ್ಕ